ಕಟ್ಟಿಸಿದ ಜೀಪಿನ ಆಸೆಯೇ? ಮೊದಲು ಆರ್‌ಸಿ ಓದಿ, ಆಮೇಲೆ ಕೀ ಕೇಳಿ

ಡಿಎಲ್ ಕೈಗೆ ಬಂದ ಕೂಡಲೇ ಕೆಲವರಿಗೆ ಷೋರೂಮಿನ ಕಾರು ಬೇಡ ಅನ್ನಿಸುತ್ತದೆ. ಬಿಡಿಭಾಗ ತರಿಸಿ ಗ್ಯಾರೇಜಿನಲ್ಲೇ ಜೋಡಿಸಿದ ಕಾರು, ಅಂದರೆ ಕಿಟ್ ಕಾರು ಬೇಕು. ಇಲ್ಲವೇ ದೊಡ್ಡ ಟಯರ್ ಹಾಕಿ ಹೊಸದಾಗಿ ಬಾಡಿ ಕಟ್ಟಿಸಿದ ಜೀಪು ಬೇಕು. ಮೈಸೂರು, ಮಂಡ್ಯದ ಕಾಲೇಜು ಹುಡುಗರು ಕೇಳುವುದೂ ಇದನ್ನೇ: ‘ಕಿಟ್ ಕಾರ್ ತಗೋಬಹುದಾ ಸರ್? ಇನ್ಶೂರೆನ್ಸ್ ಸಿಗತ್ತಾ?’

ಆಸೆ ಒಳ್ಳೆಯದೇ. ಸ್ವಂತ ಕೈಯಿಂದ ನಟ್ಟು ಬೋಲ್ಟು ಬಿಗಿದವರಿಗೆ ಗಾಡಿಯ ಮೇಲೆ ಬರುವ ಅಕ್ಕರೆಯೇ ಬೇರೆ. ಆದರೆ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಇನ್ಶೂರೆನ್ಸ್ ಕಂಪನಿ ವಿಮೆ ಕೊಡುವುದು ಆರ್‌ಸಿಯಲ್ಲಿ ಬರೆದಿರುವ ಗಾಡಿಗೆ. ಎದುರಿಗೆ ನಿಂತಿರುವುದು ಆ ಗಾಡಿಯೇ ಅಲ್ಲದಿದ್ದರೆ, ಕಟ್ಟಿದ ಪ್ರೀಮಿಯಂ ಕಷ್ಟಕಾಲದಲ್ಲಿ ಕೈಕೊಡಬಹುದು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಮೊದಲು, ಕಾನೂನು ಏನನ್ನು ಒಪ್ಪುತ್ತದೆ ನೋಡಿ

ಕಿಟ್ ಕಾರಿನ ತವರು ಬ್ರಿಟನ್. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಜೋಡಿಸಿದ ಕಾರಿಗೆ ಕಟ್ಟಬೇಕಿದ್ದ ಖರೀದಿ ತೆರಿಗೆ ಇದರಿಂದ ಉಳಿಯುತ್ತಿತ್ತು. 1973ರಲ್ಲಿ ಅದರ ಹಕ್ಕು ಕ್ಯಾಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದು ಇವತ್ತಿಗೂ ಸೆವೆನ್ ಮಾಡುತ್ತಿದೆ. 2021ರಲ್ಲಿ ಬಂದ ಸೆವೆನ್ 170ರಲ್ಲಿ ಇರುವುದು ಸುಜುಕಿಯ 660 ಸಿಸಿ ಎಂಜಿನ್. ತೂಕ 440 ಕಿಲೋ ಮಾತ್ರ. ಅಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಸರ್ಕಾರವೇ ಪರೀಕ್ಷೆ ಮಾಡುತ್ತದೆ. ಪಾಸಾದರೆ ನಂಬರ್ ಕೊಡುತ್ತದೆ.

ನಮ್ಮಲ್ಲಿ ಆ ದಾರಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ, ಗಾಡಿ ತಯಾರಿಸುವವರು ಅದರ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಿ ಸರ್ಟಿಫಿಕೇಟ್ ಪಡೆಯಬೇಕು. ಸಾವಿರಾರು ಗಾಡಿ ಮಾಡುವ ಕಂಪನಿಗೆ ಅದು ಸರಿ. ಒಂದೇ ಕಾರು ಕಟ್ಟುವ ವಿದ್ಯಾರ್ಥಿಗೆ ಆಗದ ಮಾತು. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಆರ್‌ಸಿ ಇಲ್ಲ, ಆರ್‌ಸಿ ಇಲ್ಲದಿದ್ದರೆ ಇನ್ಶೂರೆನ್ಸ್ ಇಲ್ಲ.

ಕಟ್ಟುವ ಹುಚ್ಚು ನಿಜವಾಗಿಯೂ ಇದ್ದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಾಹಾ (ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿಗಳ) ಸ್ಪರ್ಧೆಯ ತಂಡವೇ ಒಳ್ಳೆಯ ಜಾಗ. 2007ರಿಂದ ದೇಶದಲ್ಲಿ ನಡೆಯುತ್ತಿದೆ. ಚಾಸಿ ವೆಲ್ಡಿಂಗ್‌ನಿಂದ ಬ್ರೇಕಿನವರೆಗೆ ಎಲ್ಲವನ್ನೂ ನೀವೇ ಮಾಡಬಹುದು. ಗಾಡಿ ಓಡುವುದು ಟ್ರ್ಯಾಕಿನ ಮೇಲೆ, ರಸ್ತೆಗೆ ಬರುವುದಿಲ್ಲ.

ಇನ್ನು ರಸ್ತೆಯ ಗಾಡಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಹೇಳಿದ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಒಪ್ಪಿಗೆಯಿಲ್ಲದೆ ಹೀಗೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಬಣ್ಣ ಬದಲಾಯಿಸುವುದು, ಒಪ್ಪಿಗೆ ಪಡೆದ ಗ್ಯಾಸ್ ಕಿಟ್ ಹಾಕಿಸುವುದು, ಹಾಳಾದ ಎಂಜಿನ್ ಬದಲು ಅದೇ ತರಹದ್ದನ್ನು ಕೂರಿಸುವುದು ಆಗುತ್ತದೆ. ಆದರೆ ಆರ್‌ಟಿಒ ಗಮನಕ್ಕೆ ತಂದು ಆರ್‌ಸಿಯಲ್ಲಿ ಬರೆಸಲೇಬೇಕು. ಮುಂದಿನ ಬಂಪರಿಗೆ ದಪ್ಪ ಕಬ್ಬಿಣದ ಬುಲ್ ಬಾರ್ ಹಾಕಿಸುವುದಕ್ಕೆ 2017ರ ಡಿಸೆಂಬರಿನಿಂದಲೇ ನಿಷೇಧವಿದೆ.

ಆಮೇಲೆ, ಯಾವ ಗಾಡಿ ಅಂತ ತೀರ್ಮಾನಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಗಾಡಿಯಾಗಿ ಕಟ್ಟಿಸಿದ ಜೀಪು ಬೇಡ. ಕಂಪನಿಯಿಂದ ಬಂದ ಹಾಗೆಯೇ ಉಳಿದಿರುವ ಹಳೆಯ ಗಾಡಿ ತೆಗೆದುಕೊಳ್ಳಿ, ಅದನ್ನು ನಿಧಾನವಾಗಿ ರಿಪೇರಿ ಮಾಡಿ ಚೆಂದ ಮಾಡಿ. ಕೈಗೆ ಕೆಲಸವೂ ಸಿಗುತ್ತದೆ, ಕಾನೂನಿನ ತಂಟೆಯೂ ಇರುವುದಿಲ್ಲ.

ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಕಟ್ಟಿದ ಜೀಪುಗಳು ನಮ್ಮ ಕಡೆಗೂ ಬರುತ್ತವೆ. ನೋಡಲು ಹೊಳೆಯುತ್ತವೆ. ಬಾಡಿ ಹೊಸದು, ಎಂಜಿನ್ ಯಾವುದೋ ಗಾಡಿಯದು, ಆರ್‌ಸಿ ಇನ್ಯಾವುದೋ ಹಳೆಯ ಜೀಪಿನದು ಆಗಿರಬಹುದು. ಇಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

ಉಳಿದದ್ದರಲ್ಲಿ ನನ್ನ ಆಯ್ಕೆ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಮೊದಲ ಜಿಪ್ಸಿ 970 ಸಿಸಿ. ಆಮೇಲಿನದು 1,298 ಸಿಸಿ. ಉತ್ಪಾದನೆ ನಿಂತದ್ದು 2019ರ ಹೊತ್ತಿಗೆ. ಹಾಗಾಗಿ ಕೊನೆಯ ವರ್ಷಗಳ ಗಾಡಿಗೆ 15 ವರ್ಷದ ಆರ್‌ಸಿ ಅವಧಿ ಇನ್ನೂ ಬಾಕಿ ಇರುತ್ತದೆ. ಮಹೀಂದ್ರದ ಎಂಎಂ 540 ಗಟ್ಟಿ ಗಾಡಿ, ಊರೂರಲ್ಲೂ ಅದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ. ಆದರೆ ಅದರ ಡೀಸೆಲ್ ಎಂಜಿನ್ 2,112 ಸಿಸಿ. ಇದು ಪ್ರೀಮಿಯಂ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಅಂತ ಮುಂದೆ ನೋಡೋಣ.

50 ವರ್ಷ ದಾಟಿದ ಜೀಪು ಸಿಕ್ಕರೆ? 2021ರ ನಿಯಮದಂತೆ ಅದನ್ನು ವಿಂಟೇಜ್ ಗಾಡಿಯಾಗಿ ನೋಂದಾಯಿಸಬಹುದು. ಆದರೆ ದಿನಾ ಕಾಲೇಜಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಮಾತ್ರ. ಮೊದಲ ಗಾಡಿಗೆ ಇದು ಸರಿಹೋಗುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿಡಿ. ಹಳೆಯ ಜೀಪು, ಜಿಪ್ಸಿಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಗಾಡಿ ಎತ್ತರ, ತಿರುವಿನಲ್ಲಿ ಬೇಗ ವಾಲುತ್ತದೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ. ಅದು ಈ ಗಾಡಿಗಳ ವೇಗ ಅಲ್ಲ. ರಾತ್ರಿ ಮಂಡ್ಯದ ಒಳರಸ್ತೆಗಳಲ್ಲಿ ಹಿಂದಿನ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಎದುರಾಗುತ್ತವೆ. ಒಳ್ಳೆಯ ಹೆಡ್‌ಲೈಟ್, ಒಳ್ಳೆಯ ಬ್ರೇಕ್, ಎಲ್ಲ ಸೀಟಿಗೂ ಬೆಲ್ಟ್, ಈ ಮೂರಕ್ಕೆ ಮೊದಲು ದುಡ್ಡು ಹಾಕಿ. ಟಯರಿನ ಚೆಂದ ಆಮೇಲೆ ನೋಡಿದರಾಯಿತು.

ಗಾಡಿ ನೋಡುವ ಮುಂಚೆ ಕಾಗದ

ಬ್ರೋಕರ್ ಫೋಟೊ ಕಳಿಸಿದರೆ, ‘ಅಣ್ಣ, ಮೊದಲು ಆರ್‌ಸಿ ಕಳಿಸಿ’ ಅನ್ನಿ. ನಂಬರನ್ನು ಪರಿವಾಹನ್ ಆ್ಯಪಿನಲ್ಲಿ ಹಾಕಿ. ಆರ್‌ಸಿ ಯಾವಾಗ ಮುಗಿಯುತ್ತದೆ, ಸಾಲ ಇದೆಯಾ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ, ದಂಡ ಬಾಕಿ ಇದೆಯಾ ಎಲ್ಲ ನೋಡಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಯಲ್ಲಿರಬೇಕು.

ಗಾಡಿಯ ಹತ್ತಿರ ಹೋದ ಮೇಲೆ ಮಾಡುವ ಮೊದಲ ಕೆಲಸ ಚಾಸಿ ನಂಬರ್ ಹುಡುಕುವುದು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಒಂದೊಂದು ಅಂಕಿಯನ್ನೂ ಆರ್‌ಸಿ ಜೊತೆ ತಾಳೆ ಹಾಕಿ. ಅಂಕಿಗಳ ಸುತ್ತ ಗ್ರೈಂಡರ್ ಗುರುತು, ವೆಲ್ಡಿಂಗ್, ಹೊಸ ಪೇಂಟ್ ಕಂಡರೆ ಅಲ್ಲಿಂದ ಹೊರಡಿ. ಎಂಜಿನ್ ನಂಬರಿಗೂ ಹೀಗೇ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದು ಬಾನೆಟ್ ಎತ್ತಿದಾಗ ಡೀಸೆಲ್ ಎಂಜಿನ್ ಕಂಡರೆ, ‘ಎಲ್ಲರೂ ಹಂಗೇ ಓಡಿಸ್ತಾರೆ’ ಅನ್ನುವ ಮಾತಿಗೆ ಕಿವಿಗೊಡಬೇಡಿ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ಅದನ್ನೇ.

ಹೊರ ರಾಜ್ಯದ ಗಾಡಿ, ಸೇನೆಯ ಹರಾಜಿನ ಜಿಪ್ಸಿ ಅಂದರೆ ಇನ್ನೂ ಹುಷಾರು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಿಸಬೇಕು, ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹರಾಜಿನ ಮೂಲ ಕಾಗದ ಬೇಕು. ಮೊದಲ ಸಲ ಕೊಳ್ಳುವವರು ಕೆಎ 09, ಕೆಎ 55, ಕೆಎ 11 ಅಂತ ನಮ್ಮ ಸುತ್ತಿನ ಗಾಡಿಯನ್ನೇ ಹುಡುಕಿದರೆ ಅರ್ಧ ಓಡಾಟ ತಪ್ಪುತ್ತದೆ. 15 ವರ್ಷ ದಾಟಿದ ಗಾಡಿಯಾದರೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಅದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ ಇನ್ನೂ ಹೆಚ್ಚಿಸಿದ್ದಾರೆ. ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಓಡಿಸಿ ನೋಡುವುದು

ನಿಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ. ಗಾಡಿಯ ಅಡಿಗೆ ಮಲಗಿ ಲೀಫ್ ಪ್ಲೇಟು ಕೂರುವ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯಾ ನೋಡಬೇಕು. ಗಾಡಿಯ ಬಾಡಿಯ ಮೇಲೆ ಆಯಸ್ಕಾಂತ ಇಟ್ಟು ನೋಡಿ. ಅದು ಅಂಟದ ಕಡೆ ಒಳಗೆ ಪುಟ್ಟಿ ಇರುತ್ತದೆ. ಜಿಪ್ಸಿಯಲ್ಲಿ ತುಕ್ಕು ಹಿಡಿಯುವುದು ಜಾಸ್ತಿ, ಮ್ಯಾಟ್ ಎತ್ತಿ ನೆಲ ನೋಡಿ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇರುವುದೇ ಒಂದು ಅನುಕೂಲ. ಹತ್ತುವಾಗ ಹೀಟ್ ಮೀಟರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಕ್ಲಚ್ ಜಾರುತ್ತದೆಯಾ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕ್ ಒಂದು ಕಡೆ ಎಳೆಯುತ್ತದೆಯಾ ಗೊತ್ತಾಗುತ್ತದೆ. ಆಮೇಲೆ ರಿಂಗ್ ರೋಡಿನಲ್ಲಿ 60ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮುಂದಿನ ಆಕ್ಸಲ್ ಕೆಲಸ ಬಾಕಿ ಇದೆ ಅಂತಲೇ ತಿಳಿಯಿರಿ.

ದುಡ್ಡು ಕೊಡುವ ಮುಂಚೆ ಇನ್ಶೂರೆನ್ಸ್ ಕೇಳಿ

ಎಷ್ಟೋ ಜನ ಗಾಡಿ ಮನೆಗೆ ತಂದು ಆಮೇಲೆ ಇನ್ಶೂರೆನ್ಸ್ ವಿಚಾರಿಸುತ್ತಾರೆ. ಇದನ್ನು ತಿರುಗಿಸಿ ಮಾಡಿ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಸಿ ಪ್ರತಿ, ಗಾಡಿಯ ನಾಲ್ಕೂ ಕಡೆಯ ಫೋಟೊ ತೆಗೆದುಕೊಂಡು ಕಂಪನಿಯ ಶಾಖೆಗೆ ಹೋಗಿ. ಆನ್‌ಲೈನ್‌ನಲ್ಲಿ ಸಿಗುವ ಬೆಲೆ ಹೊಸ ಕಾರಿಗೆ ಸರಿ. 15 ವರ್ಷದ ಗಾಡಿಗೆ ಮನುಷ್ಯರ ಜೊತೆ ಮಾತಾಡುವುದೇ ಒಳ್ಳೆಯದು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್, ಈ ನಾಲ್ಕು ಸರ್ಕಾರಿ ಕಂಪನಿಗಳಲ್ಲೂ ವಿಚಾರಿಸಿ. ‘ಈ ಗಾಡಿಗೆ ಓನ್ ಡ್ಯಾಮೇಜ್ ಕೊಡ್ತೀರಾ, ಬರೀ ಥರ್ಡ್ ಪಾರ್ಟಿನಾ?’ ಅಂತ ಕೇಳಿ. ಓನ್ ಡ್ಯಾಮೇಜ್ ಅಂದರೆ ನಿಮ್ಮ ಗಾಡಿಗೇ ಆದ ಹಾನಿಗೆ ವಿಮೆ, ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ವಿಮೆ. ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಥರ್ಡ್ ಪಾರ್ಟಿ ಕಡ್ಡಾಯ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ. ದಂಡ ಸಣ್ಣ ವಿಷಯ. ನಿಮ್ಮ ಗಾಡಿಯಿಂದ ಒಬ್ಬರು ಸತ್ತರೆ, ಕೈಕಾಲು ಕಳೆದುಕೊಂಡರೆ, ನ್ಯಾಯಮಂಡಳಿ ಹೇಳುವ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಗಾಡಿಯ ಮಾಲೀಕರೇ ಕೊಡಬೇಕು, ಮನೆ, ಜಮೀನು ಜಪ್ತಿಯವರೆಗೂ ಹೋಗುತ್ತದೆ. ಬೇರೆಯವರ ಆಸ್ತಿಗೆ ಆದ ಹಾನಿಗೆ ಮಾತ್ರ 7.5 ಲಕ್ಷದ ಮಿತಿ ಇದೆ.

ಈ ಪ್ರೀಮಿಯಂ ಅನ್ನು ಸರ್ಕಾರವೇ ಎಂಜಿನ್ ಸಿಸಿ ನೋಡಿ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಮೇಲೆ ಜಿಎಸ್‌ಟಿ ಬೇರೆ. ಅಂದರೆ ಹಳೆಯ 970 ಸಿಸಿ ಜಿಪ್ಸಿಗೂ 2,112 ಸಿಸಿ ಜೀಪಿಗೂ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಜೇಬಿನಲ್ಲಿ ಪಾಕೆಟ್ ಮನಿ ಮಾತ್ರ ಇರುವವರಿಗೆ ಇದು ದೊಡ್ಡದೇ ಅಲ್ವಾ?

ಬ್ರಿಟನ್ನಿನಲ್ಲಿ 18–20 ವಯಸ್ಸಿನವರಿಗೆ ವಯಸ್ಸೇ ಶಾಪ, ಪ್ರೀಮಿಯಂ ಏರುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿಗೆ ಡ್ರೈವರ್ ವಯಸ್ಸು ಲೆಕ್ಕಕ್ಕಿಲ್ಲ. ಓನ್ ಡ್ಯಾಮೇಜ್‌ನಲ್ಲಿ ನೋಡುವುದು ಮುಖ್ಯವಾಗಿ ಗಾಡಿಯ ಬೆಲೆ, ವಯಸ್ಸು, ಸಿಸಿ ಮತ್ತು ನೋಂದಣಿಯಾದ ಊರು. ಬೆಂಗಳೂರು ಎ ವಲಯ, ಮೈಸೂರು, ಮಂಡ್ಯ ಬಿ ವಲಯ. ದರ ಸ್ವಲ್ಪ ಕಡಿಮೆ.

ಓನ್ ಡ್ಯಾಮೇಜ್‌ನ ತಿರುಳು ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಮೊತ್ತ. ಐದು ವರ್ಷದವರೆಗೆ ಅದಕ್ಕೆ ಗೊತ್ತಾದ ಪಟ್ಟಿ ಇದೆ. ಆಮೇಲೆ ನೀವು ಮತ್ತು ಕಂಪನಿ ಮಾತಾಡಿ ಒಪ್ಪಿಕೊಳ್ಳಬೇಕು. ಚೆನ್ನಾಗಿ ಇಟ್ಟುಕೊಂಡ ಜಿಪ್ಸಿಗೆ ಕಂಪನಿ ಸುಮ್ನೆ ಒಂದು ಸಣ್ಣ ಮೊತ್ತ ಬರೆದುಬಿಡಬಹುದು. ರಿಪೇರಿ ಬಿಲ್ಲು, ಫೋಟೊ ತೋರಿಸಿ ಕೇಳಿ. ಹಾಕಿಸಿರುವ ಗ್ಯಾಸ್ ಕಿಟ್, ಹೆಚ್ಚುವರಿ ವಸ್ತುಗಳನ್ನೆಲ್ಲ ಪ್ರೊಪೋಸಲ್ ಫಾರಂನಲ್ಲೇ ಬರೆಯಿರಿ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ, ಆಗಲಿ. ಮುಚ್ಚಿಟ್ಟದ್ದನ್ನು ಅಪಘಾತದ ನಂತರ ಹಾನಿ ಅಂದಾಜು ಮಾಡುವ ಸರ್ವೇಯರ್ ಕಂಡುಹಿಡಿದರೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವುದು ಮಗ ಅಥವಾ ಮಗಳು. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಡಿಎಲ್ ಇರುವ ಯಾರು ಓಡಿಸಿದರೂ ಗಾಡಿಯ ವಿಮೆ ನಡೆಯುತ್ತದೆ. ಆದರೆ ಪಾಲಿಸಿ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ಮಗನಿಗೆ ಪೆಟ್ಟಾದರೆ ಅದರಿಂದ ಏನೂ ಬರುವುದಿಲ್ಲ. ಹಾಗಾಗಿ ಮಕ್ಕಳ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿ. ಅಪ್ಪ, ಅಮ್ಮ ಈ ಒಂದು ಸಾಲನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ.

ಕೊಂಡ ಮೇಲೆ

ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಇಬ್ಬರ ಸಹಿ ಹಾಕಿಸಿ ಆರ್‌ಟಿಒಗೆ ಕೊಡಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್‌ಗೆ ಇರುವ ಗಡುವು ಇನ್ನೂ ಕಡಿಮೆ, 14 ದಿನ. ಥರ್ಡ್ ಪಾರ್ಟಿ ತಾನಾಗಿ ನಿಮಗೆ ಬಂದಂತೆ ಲೆಕ್ಕ, ಓನ್ ಡ್ಯಾಮೇಜ್ ಹಾಗಲ್ಲ. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ. ನಿಮ್ಮದು ಸೊನ್ನೆಯಿಂದ ಶುರುವಾಗಿ, ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಶೇಕಡ, ಹೀಗೆ ಏರುತ್ತಾ 50ರವರೆಗೆ ಹೋಗುತ್ತದೆ. ಪಾಲಿಸಿ ಮುಗಿದು ರಿನ್ಯೂ ಮಾಡದೆ 90 ದಿನ ದಾಟಿದರೆ ಈ ಬೋನಸ್ ಎಲ್ಲ ಹೋಯಿತು.

ಪಾಲಿಸಿ ಕೈಗೆ ಬಂದ ದಿನವೇ ಅದರಲ್ಲಿರುವ ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್, ಸಿಸಿ, ತಯಾರಾದ ವರ್ಷ ಎಲ್ಲವನ್ನೂ ಆರ್‌ಸಿ ಪಕ್ಕದಲ್ಲಿಟ್ಟು ಓದಿ. ಒಂದು ಅಕ್ಷರ ತಪ್ಪಿದ್ದರೂ ಶಾಖೆಗೆ ಬರೆದು ತಿದ್ದಿಸಿ, ತಿದ್ದುಪಡಿ ಪತ್ರ (ಎಂಡಾರ್ಸ್‌ಮೆಂಟ್) ಪಡೆದು ಆರ್‌ಸಿ ಜೊತೆ ಡಿಜಿಲಾಕರ್‌ನಲ್ಲೂ, ಗಾಡಿಯ ಡ್ಯಾಷ್‌ಬೋರ್ಡಿನಲ್ಲೂ ಒಂದೊಂದು ಪ್ರತಿ ಇಡಿ.