ವೈಫೈ ಕನೆಕ್ಷನ್ ಇಲ್ಲದ ಮನೆಯಲ್ಲಿ ಫೋನಿನಿಂದ ಟಿವಿಗೆ: ನನ್ನ ಅನುಭವ

ಫೋನಿನಲ್ಲಿರೋದನ್ನು ಟಿವಿಯಲ್ಲಿ ನೋಡಬೇಕಾದರೆ ಮನೆಗೆ ವೈಫೈ ಹಾಕಿಸಿರಲೇಬೇಕು ಅಂತ ತುಂಬ ಜನ ನಂಬಿದ್ದಾರೆ. ಹಾಗೇನಿಲ್ಲ. ವೈಫೈ ಬೇರೆ, ಇಂಟರ್ನೆಟ್ ಬೇರೆ. ತಂತಿ ಇಲ್ಲದೆ ಮಾತಾಡುವ ರೇಡಿಯೊ ನಿಮ್ಮ ಫೋನಿನಲ್ಲೂ ಇದೆ, ಸ್ಮಾರ್ಟ್ ಟಿವಿಯಲ್ಲೂ ಇದೆ. ನಡುವೆ ರೂಟರ್ ಇಲ್ಲದಿದ್ದರೂ ಅವೆರಡು ನೇರವಾಗಿ ಮಾತಾಡಬಲ್ಲವು. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಾವಿರೋದು ಬೆಂಗಳೂರಿನ ವಿಜಯನಗರದ ಹತ್ತಿರ ಬಾಡಿಗೆ ಮನೆಯಲ್ಲಿ. ಅಗ್ರಿಮೆಂಟ್ 11 ತಿಂಗಳದ್ದು. ಮುಂದೆ ಎಲ್ಲಿರ್ತೀವೋ ಅಂತ ಬ್ರಾಡ್‌ಬ್ಯಾಂಡ್ ಹಾಕಿಸಿಲ್ಲ. ನಂದು, ನನ್ನ ಹೆಂಡತೀದು, ಇಬ್ಬರ ಸಿಮ್‌ನಲ್ಲೂ ದಿನಕ್ಕೆ 2 ಜಿಬಿ ಬರುತ್ತದೆ, ನಮಗೆ ಸಾಕು. ಆದರೆ ಊರಿಂದ ಅಪ್ಪ ಅಮ್ಮ ಬಂದರೆ ಮಾತು ಬೇರೆ. ಅಪ್ಪ ಹೊನ್ನಾವರದ ಕಡೆಯವರು, ಯಕ್ಷಗಾನ ಅಂದರೆ ಪ್ರಾಣ. ಅಂಗೈಯಗಲದ ಫೋನಿನಲ್ಲಿ ತಲೆಗೆ ಕಟ್ಟುವ ಕೇದಗೆ ಮುಂದಲೆ ಕಂಡರೂ ಮುಖವರ್ಣಿಕೆ ಕಾಣುವುದಿಲ್ಲ. ‘ತಮಾ, ಇದ್ನ ಟೀವಿಲಿ ಹಾಕಲೆ ಆಗ್ತಿಲ್ಯ?’ ಅಂತ ಅವರು ಕೇಳಿದ ಮೇಲೆ ನಾನು ಇದರ ಹಿಂದೆ ಬಿದ್ದೆ.

ಮೊದಲು ಹಿಡಿದ ದಾರಿ ಮಿರಾಕಾಸ್ಟ್. ವೈಫೈ ಅಲಯನ್ಸ್ ಅನ್ನೋ ಕಂಪನಿಗಳ ಒಕ್ಕೂಟ 2012ರಲ್ಲಿ ತಂದ ಪದ್ಧತಿ ಇದು. ಫೋನಿನ ಪರದೆಯಲ್ಲಿ ಏನಿದೆಯೋ ಅದನ್ನೇ ವಿಡಿಯೊ ಮಾಡಿ ಟಿವಿಗೆ ನೇರವಾಗಿ ಕಳಿಸುತ್ತದೆ. ಹೆಸರು ಮಾತ್ರ ಒಂದೊಂದು ಕಂಪನಿಗೆ ಒಂದೊಂದು. ಸ್ಯಾಮ್‌ಸಂಗ್ ಫೋನಿನಲ್ಲಿ ಸ್ಮಾರ್ಟ್ ವ್ಯೂ, ಬೇರೆಯವುಗಳಲ್ಲಿ ವೈರ್‌ಲೆಸ್ ಡಿಸ್‌ಪ್ಲೇ, ಸ್ಕ್ರೀನ್‌ಕಾಸ್ಟ್ ಅಥವಾ ಬರೀ ಕಾಸ್ಟ್. ಟಿವಿ ಕಡೆ ಸ್ಕ್ರೀನ್ ಮಿರರಿಂಗ್ ಅಥವಾ ಸ್ಕ್ರೀನ್ ಶೇರ್.

ಮಾಡೋದು ಹೀಗೆ. ಟಿವಿ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ಸ್ಕ್ರೀನ್ ಮಿರರಿಂಗ್ ತೆರೆದಿಡಿ. ಕೆಲವು ಟಿವಿಗಳಲ್ಲಿ ಅದು ಆ್ಯಪ್‌ಗಳ ಸಾಲಿನಲ್ಲಿರುತ್ತದೆ. ಫೋನಿನಲ್ಲಿ ವೈಫೈ ಬಟನ್ ಆನ್ ಮಾಡಿ. ಜನ ಹಿಂಜರಿಯೋದು ಇಲ್ಲೇ: ‘ನಮ್ಮನೇಲಿ ವೈಫೈ ಇಲ್ವಲ್ಲ, ಆನ್ ಮಾಡಿ ಏನು ಪ್ರಯೋಜನ?’ ಯಾವ ನೆಟ್‌ವರ್ಕ್‌ಗೂ ಸೇರಬೇಕಾಗಿಲ್ಲ, ಬಟನ್ ಆನ್ ಇದ್ದರೆ ಸಾಕು. ಮೊಬೈಲ್ ಡೇಟಾನೂ ಆನ್ ಇರಲಿ. ಆಮೇಲೆ ಸ್ಮಾರ್ಟ್ ವ್ಯೂ ಒತ್ತಿದರೆ ಟಿವಿಯ ಹೆಸರು ಬರುತ್ತದೆ. ಅದನ್ನು ಒತ್ತಿದ ಕೂಡಲೇ ಕಣ್ಣು ಟಿವಿ ಮೇಲಿರಲಿ. ‘ಈ ಫೋನನ್ನು ಒಳಗೆ ಬಿಡಲೋ ಬೇಡವೋ’ ಅಂತ ಟಿವಿ ಕೇಳಬಹುದು. ಕೇಳಿದ ತಕ್ಷಣ ರಿಮೋಟ್‌ನಲ್ಲಿ ಓಕೆ ಒತ್ತಬೇಕು. ತಡವಾದರೆ ಫೋನು ಕನೆಕ್ಟ್ ಆಗಲಿಲ್ಲ ಅಂದುಬಿಡುತ್ತದೆ, ಮತ್ತೆ ಮೊದಲಿಂದ ಶುರು. ಅದಕ್ಕೇ ನಾನು ಎಡಗೈಯಲ್ಲಿ ರಿಮೋಟ್ ಹಿಡಿದೇ ಫೋನ್ ಮುಟ್ಟೋದು.

ಚಿತ್ರ ಬಂದ ಮೇಲೆ ಫೋನನ್ನು ಅಡ್ಡ ಮಾಡಿ, ಚಾರ್ಜರ್ ಹಾಕಿ. ಬ್ಯಾಟರಿ ಬೇಗ ಇಳಿಯುತ್ತದೆ. ಡು ನಾಟ್ ಡಿಸ್ಟರ್ಬ್ ಕೂಡ ಹಾಕಿಬಿಡಿ. ಇಲ್ಲವಾದರೆ ಬ್ಯಾಂಕಿನ ಮೆಸೇಜು, ಒಟಿಪಿ ಎಲ್ಲ ಮನೆಮಂದಿ ಎದುರು ಟಿವಿ ಮೇಲೆ ಬರುತ್ತದೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಡೇಟಾ ಲೆಕ್ಕ. ಫೋನಿನಿಂದ ಟಿವಿಗೆ ಚಿತ್ರ ಹೋಗೋದಕ್ಕೆ ಒಂದು ಎಂಬಿನೂ ಖರ್ಚಾಗುವುದಿಲ್ಲ. ಫೋನಿನಲ್ಲಿ ನೋಡಿದರೆ ಎಷ್ಟು ಡೇಟಾ ಬೇಕೋ ಅಷ್ಟೇ. ಯೂಟ್ಯೂಬ್‌ನಲ್ಲಿ ನಾನು ಕ್ವಾಲಿಟಿ 480ಕ್ಕೆ ಇಟ್ಟರೆ 480ರಲ್ಲೇ ಓಡುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದರೆ ಅದೂ ಇಲ್ಲ. ಅಪ್ಪನ ಪ್ರಸಂಗಗಳನ್ನು ಹಾಗೇ ಇಳಿಸಿಟ್ಟಿರುತ್ತೇನೆ.

ಒಂದು ಸಲ ಅಪ್ಪ ‘ಚಂಡೆ ಪೆಟ್ಟಿಗೂ ಹೆಜ್ಜೆಗೂ ಹೊಂದ್ತಾ ಇಲ್ಲೆ’ ಅಂದರು. ನಮಗಾರಿಗೂ ಅದು ಗೊತ್ತೇ ಆಗಿರಲಿಲ್ಲ. ನೋಡಿದರೆ ಫೋನಿಗೆ ಬ್ಲೂಟೂತ್ ಸ್ಪೀಕರ್ ಕನೆಕ್ಟ್ ಆಗಿತ್ತು. ಚಿತ್ರ ಟಿವಿಯಲ್ಲಿ, ಶಬ್ದ ಸ್ಪೀಕರ್‌ನಲ್ಲಿ, ಎರಡೂ ಬೇರೆ ಬೇರೆ ದಾರಿ ಹಿಡಿದು ಬರುತ್ತಿದ್ದವು. ಬ್ಲೂಟೂತ್ ಆಫ್ ಮಾಡಿದೆ, ಶಬ್ದವೂ ಟಿವಿಗೇ ಬಂತು, ತಾಳ ಕೂಡಿತು. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಜ್ ಅನ್ನೋ ರೇಡಿಯೊ ಅಲೆಯಲ್ಲಿ. ಬೆಂಗಳೂರಿನ ಒತ್ತೊತ್ತು ಮನೆಗಳಲ್ಲಿ ಅಕ್ಕಪಕ್ಕದವರ ರೂಟರ್‌ಗಳೂ ಅಲ್ಲೇ ಗದ್ದಲ ಮಾಡುತ್ತಿರುತ್ತವೆ. ಚಿತ್ರ ತಡವರಿಸುತ್ತಿದ್ದರೆ ಫೋನನ್ನು ಟಿವಿ ಹತ್ತಿರ ಇಟ್ಟು ನೋಡಿ.

ಎಲ್ಲದಕ್ಕೂ ಮಿರಾಕಾಸ್ಟ್ ಆಗುವುದಿಲ್ಲ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಕಾಪಿ ಆಗಬಾರದು ಅಂತ ಚಿತ್ರಕ್ಕೆ ಬೀಗ ಹಾಕಿರುತ್ತವೆ. ಮಾತು ಕೇಳುತ್ತದೆ, ಪರದೆ ಕಪ್ಪು. ಟಿವಿ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಇನ್ನು ಐಫೋನ್‌ನಲ್ಲಿ ಮಿರಾಕಾಸ್ಟ್ ಇಲ್ಲ. ಆಂಡ್ರಾಯ್ಡ್ ಆದರೂ ಗೂಗಲ್‌ನ ಪಿಕ್ಸೆಲ್‌ನಲ್ಲೂ ಇಲ್ಲ, ಅದಕ್ಕೆ ಗೂಗಲ್ ಕಾಸ್ಟ್ ಅನ್ನೋ ಗೂಗಲ್‌ನದೇ ಪದ್ಧತಿ ಬೇಕು. ಗೂಗಲ್ ಕಾಸ್ಟ್‌ಗೆ ಫೋನು, ಟಿವಿ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿರಬೇಕು.

ಮೇಲಿನ ಮನೆ ಆಂಟಿಯ ಮಗನ ಹತ್ತಿರ ಇದ್ದದ್ದು ಪಿಕ್ಸೆಲ್ಲೇ. ಅವರಿಗೆ ಹಾಟ್‌ಸ್ಪಾಟ್ ದಾರಿ ಮಾಡಿಕೊಟ್ಟೆ. ಆಂಟಿಯ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಟಿವಿಯನ್ನೂ ಮಗನ ಫೋನನ್ನೂ ಅದಕ್ಕೆ ಸೇರಿಸಿದೆ. ಆಂಟಿಯ ಫೋನೇ ರೂಟರ್ ಆಯ್ತು, ಅಲ್ವಾ? ಎಷ್ಟೋ ಹಳೇ ಟಿವಿಗಳಿಗೆ 5 ಗಿಗಾಹರ್ಟ್ಜ್ ಹಾಟ್‌ಸ್ಪಾಟ್ ಕಾಣುವುದೇ ಇಲ್ಲ. ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬದಲಾಯಿಸಿದರೆ ಹೆಸರು ಬರುತ್ತದೆ. ಪಾಸ್‌ವರ್ಡನ್ನು ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಒತ್ತಿ ಹಾಕಬೇಕು, ಹಾಗಾಗಿ ಟೈಪ್ ಮಾಡೋಕೆ ಸುಲಭವಾದದ್ದನ್ನೇ ಇಟ್ಟುಕೊಳ್ಳಿ.

ಹಾಟ್‌ಸ್ಪಾಟ್‌ನಲ್ಲಿ ಡೇಟಾ ಕಡೆ ಗಮನ ಇರಲೇಬೇಕು. ಟಿವಿ ತಾನೇ ಇಂಟರ್ನೆಟ್‌ನಿಂದ ಎಳೆದುಕೊಳ್ಳೋದರಿಂದ ದೊಡ್ಡ ಪರದೆ ಅಂತ ಮೇಲಿನ ಕ್ವಾಲಿಟಿ ಆರಿಸಿಕೊಳ್ಳಬಹುದು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ ಬೇಕು. ದಿನಕ್ಕೆ 2 ಜಿಬಿ ಪ್ಯಾಕು ಒಂದು ಸಿನಿಮಾಗೂ ಸಾಲುವುದಿಲ್ಲ. ಆ್ಯಪ್‌ನಲ್ಲಿ ಕ್ವಾಲಿಟಿ ಇಳಿಸಿಯೇ ಶುರು ಮಾಡಿ.

ಮದುವೆ ವಿಡಿಯೊ, ಮಕ್ಕಳ ಸ್ಕೂಲ್ ಡೇ ಇಂಥದ್ದಕ್ಕೆ ಇದ್ಯಾವುದೂ ಬೇಡ. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. 4 ಜಿಬಿ ಮೀರಿದ ಒಂದೇ ಫೈಲ್ ಫ್ಯಾಟ್32 ಅನ್ನೋ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ಗೆ ಹತ್ತುವುದಿಲ್ಲ, ಅಷ್ಟು ನೋಡಿಕೊಳ್ಳಿ.

ಕೊನೇದು ಫೋನಿನಿಂದ ಟಿವಿಗೆ ಕೇಬಲ್ ಹಾಕೋದು. ಇದು ಕೆಲಸ ಮಾಡುವಂಥ ಫೋನಾದರೆ ಇದರಷ್ಟು ನೆಮ್ಮದಿಯ ದಾರಿ ಇನ್ನೊಂದಿಲ್ಲ. ತಡವರಿಕೆ ಇಲ್ಲ, ಸ್ಮಾರ್ಟ್ ಅಲ್ಲದ ಟಿವಿಗೂ ಆಗುತ್ತದೆ, ಎಚ್‌ಡಿಎಂಐ ತೂತು ಇದ್ದರಾಯಿತು. ಆದರೆ ಟೈಪ್-ಸಿ ಇದ್ದ ಮಾತ್ರಕ್ಕೆ ಫೋನಿನಿಂದ ಚಿತ್ರ ಹೊರಗೆ ಬರುವುದಿಲ್ಲ. ಅದರಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇರಬೇಕು. ಸ್ಯಾಮ್‌ಸಂಗ್ ಎಸ್ ಸರಣಿಯಲ್ಲಿ 2017ರ ಎಸ್8ರಿಂದ ಇದೆ, ಐಫೋನ್‌ನಲ್ಲಿ 2023ರ 15ರಿಂದ. ಹದಿನೈದು ಇಪ್ಪತ್ತು ಸಾವಿರದ ಫೋನುಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ. ಫೋನಿನ ವಿವರದಲ್ಲಿ ಯುಎಸ್‌ಬಿ 2.0 ಅಂತಷ್ಟೇ ಬರೆದಿದ್ದರೆ ಆಸೆ ಬಿಡಿ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿನಲ್ಲಿ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬೇಕಾದಷ್ಟು ಸಿಗುತ್ತವೆ. ‘ಯಾವ ಫೋನಿಗಾದ್ರೂ ಆಗುತ್ತೆ ಸಾರ್’ ಅನ್ನೋ ಮಾತಿಗೆ ದುಡ್ಡು ಕೊಡಬೇಡಿ. ನಾನು ಹೋದಾಗ ಅಡಾಪ್ಟರ್ ಚುಚ್ಚಿ, ಅಂಗಡಿಯಲ್ಲೇ ಇದ್ದ ಮಾನಿಟರ್‌ಗೆ ಹಾಕಿ ತೋರಿಸಿ ಅಂದೆ. ಹೆಂಡತಿಯ ಫೋನಿನಿಂದ ತಕ್ಷಣ ಚಿತ್ರ ಬಂತು, ನನ್ನದರಿಂದ ಬರಲಿಲ್ಲ. ಅವಳ ಫೋನಿಗೆ ಅಂತಲೇ ತಗೊಂಡೆ. ನೀವೂ ಫೋನನ್ನು ಜೊತೆಗೇ ಒಯ್ಯಿರಿ, ಚಿತ್ರ ಕಂಡ ಮೇಲೆ ಬಿಲ್ ಮಾಡಿಸಿ.