ಒತ್ತಬೇಡಿ, ಎಳೆಯಿರಿ: ಮನೆಯಲ್ಲೇ ಚಾಕು ಮಸೆಯುವ ನನ್ನ ಅನುಭವ

ಕಳಲೆ ಹೆಚ್ಚಲು ಕೂತಾಗ ಚಾಕುವಿನ ಬಂಡವಾಳ ಬಯಲಾಗುತ್ತದೆ. ಮಳೆ ಹಿಡಿದ ಮೇಲೆ ಮಲೆನಾಡಿನ ಅಡುಗೆಮನೆಗೆ ಬರುವ ಈ ಎಳೆ ಬಿದಿರನ್ನು ಎಷ್ಟು ತೆಳ್ಳಗೆ ಹೆಚ್ಚುತ್ತೇವೋ, ನೀರಿನಲ್ಲಿ ನೆನೆಹಾಕಿದಾಗ ಅದರ ಕಹಿ, ನಂಜು ಅಷ್ಟು ಚೆನ್ನಾಗಿ ಬಿಡುತ್ತದೆ. ಮೊಂಡು ಚಾಕುವಿನಲ್ಲಿ ತೆಳ್ಳಗೆ ಬರುವುದೇ ಇಲ್ಲ. ಬಾಳೆದಿಂಡೂ ಹಾಗೇ. ಚಾಕು ಹರಿತವಿದ್ದರೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ, ನಾರನ್ನು ಬೆರಳಿಗೆ ಸುತ್ತಿ ತೆಗೆಯಬಹುದು. ಇಲ್ಲದಿದ್ದರೆ ದಿಂಡು ಜಜ್ಜಿಹೋಗುತ್ತದೆ. ಈರುಳ್ಳಿ ಕಣ್ಣೀರು ಬರಿಸುವುದರಲ್ಲೂ ಮೊಂಡು ಚಾಕುವಿನ ಪಾಲಿದೆ. ಜಜ್ಜಿದಷ್ಟೂ ಕಣ್ಣುರಿಸುವ ಅನಿಲ ಜಾಸ್ತಿ ಹೊರಗೆ ಬರುತ್ತದೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಎಲ್ಲದಕ್ಕೂ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿದು ಹೆಚ್ಚುವ ಈಳಿಗೆ, ಅದಕ್ಕೊಂದು ಮಸೆಗಲ್ಲು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನಿಂತು ಮಾಡುವ ಅಡುಗೆ, ಸ್ಟೀಲ್ ಚಾಕು. ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬರುವವರು ಈಗ ನಮ್ಮ ಬೀದಿಯಲ್ಲಿ ಅಪರೂಪ. ಹಾಗಾಗಿ ಗಾಂಧಿ ಬಜಾರಿನಲ್ಲಿ ಪಾತ್ರೆ ಕೊಳ್ಳಲು ಹೋದಾಗ ಕೈಯಲ್ಲಿ ಹಿಡಿದು ಮಸೆಯುವ ಶಾರ್ಪನರ್ ಒಂದನ್ನು ತಂದೆ. ಕೆಲವು ನೂರು ರೂಪಾಯಿಯ ಸಾಮಾನು. ಅದು ಚಾಕು ಹಾಳು ಮಾಡುತ್ತದೆ ಅನ್ನುವವರು ಬಹಳ ಜನ ಇದ್ದಾರೆ. ಗಟ್ಟಿಯಾಗಿ ಒತ್ತಿ ಉಜ್ಜಿದರೆ ಅವರ ಮಾತು ನಿಜ. ಹಗುರವಾಗಿ ಎಳೆದರೆ ದಿನನಿತ್ಯದ ಅಡುಗೆ ಚಾಕುವಿಗೆ ಇದು ಧಾರಾಳ ಸಾಕು.

ಅದರೊಳಗೆ ಏನಿದೆ ಅಂತ ಮೊದಲು ನೋಡಿಕೊಳ್ಳಿ. ಸಾಮಾನ್ಯವಾಗಿ ಎರಡು ಅಥವಾ ಮೂರು ಸೀಳು ಇರುತ್ತವೆ. ಒರಟು ಸೀಳಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್‌ನ ಎರಡು ಚೂರುಗಳನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೂರಿಸಿರುತ್ತಾರೆ. ಇದು ಉಕ್ಕಿಗಿಂತ ತುಂಬಾ ಗಟ್ಟಿ. ಚಾಕು ಎಳೆದಾಗ ಎರಡೂ ಕಡೆಯಿಂದ ಲೋಹ ಹೆರೆಯುತ್ತದೆ. ನುಣುಪು ಸೀಳಿನಲ್ಲಿ ಸೆರಾಮಿಕ್ ಕಡ್ಡಿಗಳು ಇರುತ್ತವೆ. ಅವು ಹೆರೆದ ಅಂಚನ್ನು ನಯ ಮಾಡುತ್ತವೆ. ಮೂರು ಸೀಳಿನದ್ದಾದರೆ ನಡುವೆ ವಜ್ರದ ಪುಡಿ ಹಚ್ಚಿದ ಭಾಗ ಇರುವುದುಂಟು. ಕೋನವನ್ನು ಮೊದಲೇ ಕೂರಿಸಿರುತ್ತಾರೆ, ಹೆಚ್ಚಿನವುಗಳಲ್ಲಿ ಒಂದೊಂದು ಬದಿಗೆ ಸುಮಾರು 20 ಡಿಗ್ರಿ. ಕಲ್ಲಿನ ಮೇಲೆ ಈ ಕೋನ ಹಿಡಿಯುವುದೇ ಕಷ್ಟದ ಕೆಲಸ, ಕೈಗೆ ವರ್ಷಗಟ್ಟಲೆ ರೂಢಿ ಬೇಕು. ಶಾರ್ಪನರ್ ನಮಗೆ ಉಳಿಸಿಕೊಡುವುದು ಆ ರೂಢಿಯ ಶ್ರಮವನ್ನು.

ಮಸೆಯುವ ಮೊದಲು ಚಾಕುವನ್ನು ತೊಳೆದು ಚೆನ್ನಾಗಿ ಒರೆಸುತ್ತೇನೆ. ಹಲಸಿನ ಮೇಣ ಅಂಟಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತೆಗೆದು, ಆಮೇಲೆ ಸೋಪು. ಮೇಣ ಸೀಳಿನೊಳಗೆ ಹೋದರೆ ಬಿಡಿಸುವುದು ದೊಡ್ಡ ರಗಳೆ. ಆಮೇಲೆ ಚಾಕುವಿನ ಬಾಯಿ, ಅಂದರೆ ಕತ್ತರಿಸುವ ಅಂಚು, ಮೇಲೆ ಮಾಡಿ ದೀಪದ ಕೆಳಗೆ ಹಿಡಿದು ನೋಡುತ್ತೇನೆ. ಹರಿತವಾದ ಬಾಯಿ ಬೆಳಕು ತೋರಿಸುವುದಿಲ್ಲ. ಎಲ್ಲಿ ಮೊಂಡಾಗಿದೆಯೋ ಅಲ್ಲಿ ಬೆಳ್ಳಗೆ ಗೆರೆ ಮಿಂಚುತ್ತದೆ. ಸಾಮಾನ್ಯವಾಗಿ ತುದಿಯಿಂದ ಸ್ವಲ್ಪ ಹಿಂದೆ, ನಾವು ಹೆಚ್ಚು ಬಳಸುವ ಜಾಗದಲ್ಲಿ. ಇದನ್ನು ನೋಡಿಕೊಂಡರೆ ಒರಟು ಸೀಳು ಬೇಕೋ, ನುಣುಪು ಒಂದೇ ಸಾಕೋ ಅನ್ನುವುದು ಗೊತ್ತಾಗುತ್ತದೆ. ಗೆರೆ ಸಣ್ಣದಿದ್ದರೆ ನಾನು ಒರಟಿನ ಹತ್ತಿರವೇ ಹೋಗುವುದಿಲ್ಲ.

ಶಾರ್ಪನರ್ ಕೆಳಗೆ ಒದ್ದೆ ಬಟ್ಟೆ ಮಡಚಿ ಇಟ್ಟರೆ ಜಾರುವುದಿಲ್ಲ. ಎಡಗೈಯಲ್ಲಿ ಅದರ ಹಿಡಿ ಗಟ್ಟಿಯಾಗಿ ಹಿಡಿಯಬೇಕು, ಬೆರಳು ಸೀಳಿನ ಹತ್ತಿರ ಬರಬಾರದು. ಚಾಕುವಿನ ಬುಡವನ್ನು, ಅಂದರೆ ಹಿಡಿ ಹತ್ತಿರದ ಭಾಗವನ್ನು, ಸೀಳಿನಲ್ಲಿ ನೆಟ್ಟಗೆ ಕೂರಿಸಿ. ವಾಲಿಸಬೇಡಿ. ನಿಮ್ಮ ಕಡೆಗೆ, ಬುಡದಿಂದ ತುದಿಯ ತನಕ, ಒಂದೇ ಓಟದಲ್ಲಿ ಎಳೆಯಿರಿ. ತುದಿ ಬಾಗಿದ ಕಡೆ ಹಿಡಿಯನ್ನು ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ತುದಿ ಮಸೆಯದೆ ಉಳಿದುಬಿಡುತ್ತದೆ. ಕೊನೆಗೆ ಮೆಲ್ಲಗೆ ಹೊರಗೆ ತೆಗೆದು, ಎತ್ತಿ, ಮತ್ತೆ ಬುಡದಿಂದ ಶುರು. ಹಿಂದಕ್ಕೂ ಮುಂದಕ್ಕೂ ಗರಗಸದ ಹಾಗೆ ಆಡಿಸಲೇಬಾರದು. ಬಾಯಿ ಚಕ್ಕೆ ಏಳುವುದು ಹಾಗೆ ಆಡಿಸಿದಾಗಲೇ.

ಎಷ್ಟು ಒತ್ತಬೇಕು? ಎಲ್ಲ ಇರುವುದು ಇಲ್ಲೇ. ಚಾಕುವಿನ ತೂಕಕ್ಕೆ ಕೈಯ ತೂಕ ಸ್ವಲ್ಪ ಸೇರಿದರೆ ಸಾಕು. ನನಗೆ ಕಿವಿಯೇ ಅಳತೆ. ಸರಿಯಾದ ಭಾರದಲ್ಲಿ ಎಳೆದರೆ ಒಂದೇ ಸಮನೆ ಸರ್ ಅನ್ನುತ್ತದೆ. ಕಿರ್ ಕಿರ್ ಅಂತ ತಡೆದು ತಡೆದು ಬಂದರೆ ಭಾರ ಹೆಚ್ಚಾಗಿದೆ, ಅಥವಾ ಚಾಕು ವಾಲಿದೆ. ಸೀಳಿನ ಕೆಳಗೆ ಸುರುಳಿ ಸುರುಳಿ ಲೋಹ ಬಿದ್ದರೂ ಅಷ್ಟೇ, ಕೈ ಹಗುರ ಮಾಡಿ. ಒರಟು ಸೀಳಿನಲ್ಲಿ ಮೂರು ನಾಲ್ಕು ಸಲ ಎಳೆದು ನಿಲ್ಲಿಸಿ, ದೀಪದ ಕೆಳಗೆ ನೋಡಿ. ಬಿಳಿ ಗೆರೆ ಹೋಗಿದ್ದರೆ ಅಲ್ಲಿಗೆ ಮುಗಿಯಿತು, ಉಳಿದಿದ್ದರೆ ಇನ್ನೆರಡು ಸಲ. ಆಮೇಲೆ ನುಣುಪು ಸೀಳಿನಲ್ಲಿ ಎಂಟು ಹತ್ತು ಸಲ. ಕೊನೆಯ ಎರಡು ಸಲ ಚಾಕುವಿನ ತೂಕ ಒಂದೇ, ಕೈ ಬರೀ ದಾರಿ ತೋರಿಸಿದರೆ ಸಾಕು.

ಈ ನುಣುಪು ಸೀಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒರಟಿನಲ್ಲಿ ಎಳೆದ ತಕ್ಷಣ ಚಾಕು ಕಚ್ಚುತ್ತದೆ, ಸಾಕು ಅನ್ನಿಸುತ್ತದೆ. ಆದರೆ ಆಗ ಅಂಚಿನಲ್ಲಿ ತೆಳುವಾದ ಲೋಹದ ಏಣು ಎದ್ದಿರುತ್ತದೆ. ಅದು ಬೇಗ ಮಡಚಿಕೊಳ್ಳುತ್ತದೆ, ಚಾಕು ಮತ್ತೆ ಮೊಂಡು. ಮತ್ತೆ ಒರಟು, ಮತ್ತೆ ಲೋಹ ಸವೆತ. ಕೆಲವು ವರ್ಷಗಳಲ್ಲಿ ಬಾಯಿ ನಡುವೆ ಗುಳಿ ಬೀಳುತ್ತದೆ, ಹೆಚ್ಚುವ ಮಣೆಗೆ ಪೂರ್ತಿ ತಾಗುವುದೇ ಇಲ್ಲ. ಕೊತ್ತಂಬರಿ ಹೆಚ್ಚಿದರೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತದೆ. ನಾನು ನುಣುಪು ಸೀಳನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಳಸುತ್ತೇನೆ. ಒರಟನ್ನು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ.

ಮಸೆದ ಮೇಲೆ ಚಾಕುವನ್ನು ಬೆನ್ನಿನ ಕಡೆಯಿಂದ ಬಟ್ಟೆಯಲ್ಲಿ ಒರೆಸಿ, ನೀರಿನಲ್ಲಿ ತೊಳೆಯಲೇಬೇಕು. ಸಣ್ಣ ಲೋಹದ ಪುಡಿ ಅಂಟಿರುತ್ತದೆ, ಅದು ಊಟಕ್ಕೆ ಹೋಗಬಾರದು ಅಲ್ವಾ? ಹರಿತ ನೋಡಲು ಬೆರಳು ಸವರಬೇಡಿ. ಹಳೇ ಪೇಪರ್ ಹಾಳೆಯನ್ನು ಮೇಲಿನಿಂದ ಹಿಡಿದು, ಅಂಚಿನಿಂದ ಕೆಳಕ್ಕೆ ಚಾಕು ಎಳೆದು ನೋಡಿ. ಸಲೀಸಾಗಿ ಹೋದರೆ ಸರಿ. ಎಲ್ಲಿ ಸಿಕ್ಕಿ ಹರಿಯುತ್ತದೋ ಚಾಕುವಿನ ಆ ಜಾಗಕ್ಕೆ ಇನ್ನೂ ಕೆಲಸ ಇದೆ. ಹಣ್ಣಾದ ಟೊಮ್ಯಾಟೊ ಇನ್ನೂ ಒಳ್ಳೆ ಪರೀಕ್ಷೆ. ಸಿಪ್ಪೆ ಮೇಲೆ ಚಾಕು ಸುಮ್ನೆ ಇಟ್ಟು ಎಳೆದರೆ ಒಳಗೆ ಇಳಿಯಬೇಕು.

ಎಲ್ಲಾ ಚಾಕುವಿಗೂ ಈ ಶಾರ್ಪನರ್ ಆಗುವುದಿಲ್ಲ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಹಾಕಿದರೆ ಹಲ್ಲೆಲ್ಲ ಹೋಗುತ್ತದೆ. ಬಿಳಿ ಸೆರಾಮಿಕ್ ಚಾಕುವಿನ ಬಾಯಿ ಚಕ್ಕೆ ಎದ್ದು ಕೆಡುತ್ತದೆ. ಒಂದೇ ಬದಿಗೆ ಇಳಿಜಾರು ಇರುವ ಕತ್ತಿಗೂ ಬೇಡ, ಇದು ಎರಡೂ ಕಡೆ ಹೆರೆಯುತ್ತದೆ. ಕತ್ತರಿಗೆ ಬೇರೆಯೇ ಸೀಳು ಕೊಟ್ಟಿದ್ದರೆ ಮಾತ್ರ ಅದರಲ್ಲಿ ಹಾಕಿ.

ಇನ್ನು ಕಮ್ಮಾರರ ಕತ್ತಿ. ನಮ್ಮ ಕಡೆ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಾಡಿದ ಕತ್ತಿಗಳು ಮನೆಮನೆಯಲ್ಲಿ ಇವೆ. ಅವುಗಳ ಅಲಗು ದಪ್ಪ, ಬಾಯಿಯ ಇಳಿಜಾರು ಒಂದೊಂದಕ್ಕೆ ಒಂದೊಂದು ತರಹ. ಅವನ್ನು ಇಕ್ಕಟ್ಟಾದ ಸೀಳಿಗೆ ತುರುಕಿದರೆ ಬಾಯಿಯೂ ಕೆಡುತ್ತದೆ, ಸೀಳೂ ಕೆಡುತ್ತದೆ. ನಮ್ಮನೆ ಮೆಟ್ಟುಗತ್ತಿಯನ್ನು ಅತ್ತೆ ಇವತ್ತಿಗೂ ಯಾರ ಕೈಗೂ ಕೊಡುವುದಿಲ್ಲ. "ಅದಕ್ಕೆ ಆ ಡಬ್ಬಿ ತಾಗಿಸ್ಬೇಡ ಮಾರಾಯ್ತಿ, ಕಲ್ಲು ತಗೊಂಬಾ" ಅನ್ನುತ್ತಾರೆ. ಮಸೆಗಲ್ಲಿನ ಚೂರನ್ನು ನೀರಿನಲ್ಲಿ ಅದ್ದಿ, ಮೆಟ್ಟುಗತ್ತಿಯ ಬಾಗಿದ ಬಾಯಿಯ ಗುಂಟ ಬುಡದಿಂದ ಮೇಲಕ್ಕೆ ನಿಧಾನವಾಗಿ ಉಜ್ಜುತ್ತಾರೆ. ಒಂದು ಬದಿ, ಆಮೇಲೆ ಇನ್ನೊಂದು. "ಇಷ್ಟೇನಾ ಅತ್ತೆ?" ಅಂದರೆ, "ಇಷ್ಟೇ. ಆದ್ರೆ ಅವಸರ ಮಾಡಿದ್ರೆ ಬೆರಳು ಕೊಡ್ಬೇಕು" ಅನ್ನುತ್ತಾರೆ. ಅಡಿಕೆ ಸುಲಿಯುವ ಮನೆಗಳಲ್ಲಿ ಬೆಳೆದವರಿಗೆ ಈ ಕೈಚಳಕ ಹುಟ್ಟಿನಿಂದಲೇ ಬಂದಂತಿರುತ್ತದೆ. ಮೆಟ್ಟುಗತ್ತಿ ಕಡೆಗೆ ನಾನು ಶಾರ್ಪನರ್ ಒಯ್ಯುವುದಿಲ್ಲ, ಆ ವಿಷಯದಲ್ಲಿ ಅತ್ತೆಯ ಮಾತೇ ಸರಿ.

ಸ್ಟೀಲ್ ಚಾಕುವೂ ಒಂದು ದಿನ ಕಲ್ಲು ಕೇಳುತ್ತದೆ. ಚಾಕುವಿನ ಅಲಗು ಬಾಯಿಯ ಹತ್ತಿರ ತೆಳು, ಬೆನ್ನಿನ ಕಡೆ ದಪ್ಪ. ವರ್ಷಗಟ್ಟಲೆ ಮಸೆದಂತೆ ಬಾಯಿ ಮೇಲಕ್ಕೆ, ದಪ್ಪ ಜಾಗಕ್ಕೆ ಏರುತ್ತದೆ. ಆಗ ಅಂಚು ಹರಿತವಿದ್ದರೂ ಕ್ಯಾರೆಟ್ ಹೆಚ್ಚಿದರೆ ಟಕ್ ಅಂತ ಸೀಳುತ್ತದೆ. ಅದನ್ನು ಶಾರ್ಪನರ್ ಸರಿಮಾಡಲಾರದು. ಸಾಣೆಯವರ ಹತ್ತಿರ ಬದಿಗಳನ್ನೂ ತೆಳು ಮಾಡಿಸಿ ತಂದರೆ ಅದೇ ಚಾಕು ಇನ್ನೂ ಬಹಳ ಕಾಲ ಬರುತ್ತದೆ.

ಮಲೆನಾಡಿನಲ್ಲಿ ಮಳೆಗಾಲದ ತೇವವನ್ನೂ ನೆನಪಿಡಬೇಕು. ನಮ್ಮ ಸ್ಟೀಲ್ ಚಾಕುವಿನ ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞರು ಮಾಡಿದರು. ಅವರು ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆಯನ್ನು, ಕೊನೆಗೆ ಅದು ಅಡುಗೆಮನೆಗೆ ವರವಾಯಿತು. ಅದರಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ, ತುಕ್ಕನ್ನು ತಡೆಯುವುದು ಅದೇ. ಹಾಗಂತ ಪೂರ್ತಿ ನಂಬಬೇಡಿ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿ ಹಾಗೇ ಬಿಟ್ಟರೆ ಹುಳಿ ಹೊಸ ಬಾಯಿಯನ್ನು ತಿನ್ನುತ್ತದೆ. ತಕ್ಷಣ ತೊಳೆದು ಒರೆಸಿ. ಕಮ್ಮಾರರ ಕತ್ತಿಗಂತೂ ಆಷಾಢದ ಮಳೆಯಲ್ಲಿ ಒಂದು ರಾತ್ರಿ ಸಾಕು, ಬೆಳಗ್ಗೆ ಕೆಂಪಗೆ ತುಕ್ಕು. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಬೇಕು.

ಮಸೆದದ್ದು ಉಳಿಯಬೇಕಾದರೆ ಕೆಳಗೆ ಏನಿದೆ ಅನ್ನುವುದೂ ಮುಖ್ಯ. ಗ್ರಾನೈಟ್ ಕಟ್ಟೆ, ಗಾಜಿನ ಹಲಗೆ, ಸ್ಟೀಲ್ ತಟ್ಟೆ ಇವುಗಳ ಮೇಲೆ ಹೆಚ್ಚಿದರೆ ಬಾಯಿ ಬಹಳ ಬೇಗ ಹೋಗುತ್ತದೆ. ಮರದ ಮಣೆ ಇಡಿ. ನಮ್ಮಲ್ಲಿ ಹಲಸಿನ ಮರದ್ದು ಇದೆ, ತವರಿಂದ ಬಂದದ್ದು. ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಬಾಚುವಾಗ ಚಾಕು ತಿರುಗಿಸಿ ಬೆನ್ನಿನಿಂದ ಬಾಚಿ. ಚಮಚ ಸೌಟುಗಳ ಡಬ್ಬಿಯಲ್ಲಿ ಚಾಕು ಹಾಕಬೇಡಿ, ಒಂದಕ್ಕೊಂದು ತಾಗಿ ಅಂಚು ಮಡಚುತ್ತದೆ. ಶಾರ್ಪನರನ್ನೂ ಆಗಾಗ ನೋಡಿಕೊಳ್ಳಿ. ಸೆರಾಮಿಕ್ ಕಡ್ಡಿಗೆ ಕಪ್ಪು ಲೋಹ ಮೆತ್ತಿಕೊಂಡರೆ ಅದು ಮಸೆಯುವುದಿಲ್ಲ. ಹಳೇ ಟೂತ್ ಬ್ರಷ್, ಸೋಪಿನಲ್ಲಿ ಉಜ್ಜಿ ಪೂರ್ತಿ ಒಣಗಿಸಿ.

ಮಸೆದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡುತ್ತೇನೆ. ಮೊಂಡು ಚಾಕುವಿಗೆ ರೂಢಿಯಾದ ಕೈ ಒತ್ತಿ ಹೆಚ್ಚುತ್ತದೆ, ಹೊಸ ಹರಿತಕ್ಕೆ ಅಷ್ಟು ಒತ್ತಿದರೆ ಅಪಾಯ.

ಶಾರ್ಪನರ್ ಇನ್ನೂ ತಂದಿಲ್ಲವಾದರೆ ಇವತ್ತೇ ಒಂದು ಕೆಲಸ ಮಾಡಿ ನೋಡಿ. ಪಿಂಗಾಣಿ ಕಪ್ಪೊಂದನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಕಾಣುತ್ತದೆ. ಅದೂ ಸೆರಾಮಿಕ್ಕೇ. ಚಾಕುವನ್ನು ಸ್ವಲ್ಪ ಓರೆ ಹಿಡಿದು, ಅದರ ಮೇಲೆ ಬುಡದಿಂದ ತುದಿಗೆ ಹಗುರವಾಗಿ ಎಳೆಯಿರಿ. ಬದಿ ಬದಲಿಸಿ, ಎರಡೂ ಕಡೆ ಐದಾರು ಸಲ. ಉಂಗುರದ ಮೇಲೆ ಬೂದು ಬಣ್ಣದ ಗೆರೆ ಬಿದ್ದರೆ ಕೆಲಸ ಆಗುತ್ತಿದೆ ಅಂತ ಅರ್ಥ. ತೀರಾ ಮೊಂಡಾದ ಚಾಕು ಇದರಿಂದ ಏಳುವುದಿಲ್ಲ, ಆದರೆ ಸ್ವಲ್ಪ ಮಂಕಾದದ್ದು ಸಂಜೆಯ ಅಡುಗೆಗೆ ಚೆನ್ನಾಗಿ ಬರುತ್ತದೆ.