ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ

ವರ್ಗವಾಗಿ ಬರುವವರು ಪದೇ ಪದೇ ಕೇಳುತ್ತಿರುವುದರಿಂದ ಒಟ್ಟಿಗೇ ಬರೆದುಬಿಡ್ತೀನಿ. ಆದಷ್ಟೂ ಮನೆಯನ್ನು ಮಳೆಗಾಲದಲ್ಲಿ ನೋಡಿ. ಜನವರಿಯಲ್ಲಿ ಬೆಳಿಗ್ಗೆ ಮಂಜು, ಆಮೇಲೆ ಎಳೆಬಿಸಿಲು. ಆಗ ಯಾವ ಮನೆಯೂ ಚೆಂದವೇ ಕಾಣುತ್ತೆ!

ಅಷ್ಟು ಕಾಯೋಕಾಗದಿದ್ದರೆ ಪಶ್ಚಿಮದ ಗೋಡೆಯ ಒಳಬದಿ ಮುಟ್ಟಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತೆ, ಇರಚಲು ಹೊಡೆಯುವುದೂ ಆ ಕಡೆಯೇ. ಅದೊಂದೇ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರೆ ಯಾಕೆ ಅಂತ ಮಾಲೀಕರನ್ನು ಕೇಳಲೇಬೇಕು. ಬೀರು, ಮಂಚವನ್ನು ಆ ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಹಿಂದೆ ಬೂಷ್ಟು ಗ್ಯಾರಂಟಿ. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ಬಟ್ಟೆ ಒಣಗುವ ಮಾತೇ ಇಲ್ಲ. ಹಾಗಾಗಿ ಮಾಡು ಇರುವ ಜಗಲಿಯೋ ತಾರಸಿ ಮೇಲೆ ಶೀಟೋ ಇದೆಯಾ ನೋಡಿಕೊಳ್ಳಿ. ನನ್ನ ಕೇಳಿದರೆ, ಕಾರ್ ಪಾರ್ಕಿಂಗ್‌ಗಿಂತ ಇದೇ ಮುಖ್ಯ.

ಇದೆಲ್ಲ ಪೇಟೆಯ ಮಾತು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆ ಇನ್ನೂ ಜೋರು. ಅದೇ ಜಿಲ್ಲೆಯ ಕಡೂರು ಮಳೆನೆರಳಿನ ಬಯಲುಸೀಮೆ, ಅಲ್ಲಿಗೆ ಹೋಗುವವರು ನೀರಿನ ವ್ಯವಸ್ಥೆ ಮೊದಲು ವಿಚಾರಿಸಿ.

ಸೆಕೆಗೆ ಹೆದರಬೇಡಿ. ಊರು 1,000 ಮೀಟರ್‌ಗಿಂತ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಸುಟ್ಟರೂ ರಾತ್ರಿಗೆ ಫ್ಯಾನ್ ಸಾಕು, ಎಸಿ ದಂಡ. ಕಾಫಿ ತೋಟದವರು ಕಾಯುವ ಹೂಮಳೆ ಮಾರ್ಚ್–ಏಪ್ರಿಲ್‌ನಲ್ಲಿ ಬರುತ್ತೆ, ಜೊತೆಗೆ ಗುಡುಗು ಸಿಡಿಲೂ ಇರುತ್ತೆ. ಸಂಜೆ ಮೋಡ ಕವಿದರೆ ಟಿವಿ, ವೈಫೈ ಪ್ಲಗ್ ಕಿತ್ತಿಡಿ.